ಹುಲ್ಲಿನ ರನ್‌ವೇಗೆ ನಾನು ಹಾಕಿದ ಸಹಿ

ಹುಲ್ಲು ಬೆಳೆಸುವುದು ನನ್ನ ಕೆಲಸ. ಊರಿಗೆ ಹೋದಾಗ ಯಾರಾದರೂ ಕೇಳಿದರೆ "ಕತಾರ್‌ನಲ್ಲಿ ಹುಲ್ಲು ಬೆಳೆಸುತ್ತೇನೆ" ಎಂದೇ ಹೇಳುತ್ತೇನೆ. ಕೇಳಿದವರು ನಗುತ್ತಾರೆ, ನಾನು ನಗುವುದಿಲ್ಲ. ಮೈಸೂರು ಕಡೆಯವನು, ತೋಟಗಾರಿಕೆ ಓದಿದವನು, ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ಒಂಬತ್ತು ವರ್ಷ ಹುಲ್ಲು ಕಾದು ಆಮೇಲೆ ದೋಹಾಕ್ಕೆ ಬಂದವನು. ಇಲ್ಲಿ ನಾವು ಬೆಳೆಸುವುದು ದನ ತಿನ್ನುವ ಹುಲ್ಲಲ್ಲ. ಫುಟ್‌ಬಾಲ್ ಮೈದಾನಕ್ಕೆ, ಹೋಟೆಲಿನ ಅಂಗಳಕ್ಕೆ, ವಿಲ್ಲಾಗಳ ಮುಂದಿನ ಹತ್ತಡಿ ಜಾಗಕ್ಕೆ ಹಾಸುವ ಹುಲ್ಲು. ಮರಳಿನ ಮೇಲೆ ಬೆಳೆಸಿ, ಚಾಪೆಯ ಹಾಗೆ ಸೀಳಿ, ಸುರುಳಿ ಸುತ್ತಿ ಲಾರಿಗೆ ಏರಿಸುತ್ತೇವೆ. ನೀರು ಊರಿನ ಚರಂಡಿಯದು. ಶುದ್ಧ ಮಾಡಿ ಪೈಪಿನಲ್ಲಿ ಬಿಡುತ್ತಾರೆ. ಅದರ ವಾಸನೆ ಮೊದಲ ವಾರ ಕಷ್ಟ, ಆಮೇಲೆ ಮೂಗೇ ಸುಮ್ಮನಾಗುತ್ತದೆ.

ನಮ್ಮ ಫಾರ್ಮ್ ದೋಹಾದಿಂದ ಉತ್ತರಕ್ಕಿದೆ. ಐನ್ ಖಾಲಿದ್ ಬಡಾವಣೆಯ ನಮ್ಮ ಮನೆಯಿಂದ ಬೆಳಗಿನ ಹೊತ್ತು ಹೊರಟರೆ ಒಂದು ಗಂಟೆ ದಾರಿ. ಫಾರ್ಮಿನ ಒಂದು ಅಂಚಿನಲ್ಲಿ ಆರುನೂರು ಮೀಟರ್ ಉದ್ದ, ಮೂವತ್ತು ಮೀಟರ್ ಅಗಲದ ಒಂದು ಪಟ್ಟಿ ಇತ್ತು. ಬೇರೆಲ್ಲ ಹುಲ್ಲನ್ನು ಸೀಳಿ ಮಾರುತ್ತಿದ್ದೆವು, ಅದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದು ರನ್‌ವೇ.

ಅದರ ಕಥೆ ಸಣ್ಣದು. ಮಾಲೀಕರ ಮಗ ಇಂಗ್ಲೆಂಡಿನಲ್ಲಿ ಓದುವಾಗ ಹಳ್ಳಿಯ ಕಡೆಯ ಹುಲ್ಲಿನ ಮೈದಾನವೊಂದರಲ್ಲಿ ವಿಮಾನ ಹಾರಿಸುವುದು ಕಲಿತಿದ್ದ. ವಾಪಸು ಬಂದವನಿಗೆ ಡಾಂಬರಿನ ಮೇಲೆ ಇಳಿದರೆ ಇಳಿದ ಹಾಗೇ ಅನ್ನಿಸಲಿಲ್ಲವಂತೆ. ಅಪ್ಪನ ಹತ್ತಿರ ಹುಲ್ಲಿತ್ತು, ನೀರಿತ್ತು, ಜಾಗವಿತ್ತು, ನಾನಿದ್ದೆ. ಅನುಮತಿಗಳೆಲ್ಲ ಹೇಗೆ ಬಂದವೋ ನನಗೆ ಗೊತ್ತಿಲ್ಲ. ಒಂದು ದಿನ ಪುಟ್ಟ ವಿಮಾನವೂ ಬಂತು: ರೆಕ್ಕೆ ತಲೆಯ ಮೇಲೆ, ಪಕ್ಕಪಕ್ಕದಲ್ಲಿ ಎರಡೇ ಸೀಟು, ತೂಕದಲ್ಲಿ ನಮ್ಮ ಕಾರಿನ ಅರ್ಧವೂ ಇಲ್ಲ. ಅದನ್ನು ನೋಡಿಕೊಳ್ಳಲು ಈಜಿಪ್ಟಿನ ಒಬ್ಬ ಕ್ಯಾಪ್ಟನ್ ಬಂದರು. ಅರವತ್ತು ದಾಟಿದವರು. ತಮ್ಮ ದೇಶದಲ್ಲಿ ಹತ್ತಿ ಹೊಲಗಳ ಮೇಲೆ ವಿಮಾನದಿಂದ ಔಷಧಿ ಹೊಡೆಯುತ್ತ ಅರ್ಧ ಆಯಸ್ಸು ಕಳೆದವರು. ಮೊದಲ ಚಳಿಗಾಲ ಮಾಲೀಕರ ಮಗ ದಿನಾ ಹಾರಿದ. ಆಮೇಲೆ ಮದುವೆಯಾದ, ವಾರಕ್ಕೊಮ್ಮೆ ಬಂದ. ಆಮೇಲೆ ಅದೂ ಇಲ್ಲ. ಕ್ಯಾಪ್ಟನ್ ತಗಡಿನ ಶೆಡ್ಡಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತು ವಿಮಾನ ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು.

ನನಗೂ ಅವರಿಗೂ ಇದ್ದ ಸಂಬಂಧ ಒಂದು ರಿಜಿಸ್ಟರಿನದು. ದಿನಾ ಬೆಳಿಗ್ಗೆ ಆರೂವರೆಗೆ ನಾನು ಆ ಪಟ್ಟಿಯ ಉದ್ದಕ್ಕೂ ನಡೆದು ಆರು ಕಡೆ ನೆಲ ಪರೀಕ್ಷೆ ಮಾಡಬೇಕಿತ್ತು. ಅದಕ್ಕೆ ವರ್ಕ್‌ಶಾಪಿನಲ್ಲಿ ನಾನೇ ಒಂದು ಸಲಾಕೆ ಮಾಡಿಸಿಕೊಂಡಿದ್ದೆ. ಚೂಪು ತುದಿ, ಮೇಲೆ ಒಂದು ಕಬ್ಬಿಣದ ಗುಂಡು. ಮೊಣಕಾಲಿನ ಎತ್ತರಕ್ಕೆ ಎತ್ತಿ ಕೈಬಿಡುವುದು, ಎಷ್ಟು ಬೆರಳು ನೆಲಕ್ಕಿಳಿಯಿತೆಂದು ನೋಡುವುದು. ಎರಡು ಬೆರಳು ಇಳಿದರೆ ನೆಲ ಗಟ್ಟಿ. ಮೂರಾದರೂ ನಡೆಯುತ್ತದೆ. ಮೂರು ದಾಟಿದರೆ ವಿಮಾನದ ಮುಂದಿನ ಪುಟ್ಟ ಚಕ್ರ ಹೂತು ಮೂಗು ಮಣ್ಣಿಗೆ ತಾಗುತ್ತದೆ. ನೋಡಿದ್ದನ್ನು ರಿಜಿಸ್ಟರಿನಲ್ಲಿ ಬರೆದು, ರನ್‌ವೇ ತೆರೆದಿದೆ ಅಥವಾ ಮುಚ್ಚಿದೆ ಎಂದು ಸೇರಿಸಿ ಸಹಿ ಹಾಕುವುದು. ಈ ನಿಯಮ ಕ್ಯಾಪ್ಟನ್ ಅವರದೇ. ನಾನು ಮುಚ್ಚಿದೆ ಎಂದು ಬರೆದರೆ ಮಾಲೀಕರು ಬಂದು ನಿಂತರೂ ಅವರು ಎಂಜಿನ್ ಮುಟ್ಟುತ್ತಿರಲಿಲ್ಲ. ಹದಿನಾಲ್ಕು ವರ್ಷದ ಗಲ್ಫ್ ನೌಕರಿಯಲ್ಲಿ ನನ್ನ ಒಂದು ಸಹಿಗೆ ಇಷ್ಟು ಬೆಲೆ ಬಂದದ್ದು ಅಲ್ಲಿ ಮಾತ್ರ.

ಒಂದು ಅಕ್ಟೋಬರಿನಲ್ಲಿ ಮಾಲೀಕರು ಫಾರ್ಮ್ ನೋಡಲು ಬಂದರು. ಬೇಸಿಗೆಯಲ್ಲಿ ಆ ಪಟ್ಟಿಯ ಹುಲ್ಲನ್ನು ಒಂದು ಕಡೆಯೂ ಒಣಗಿಸದೆ ಉಳಿಸಿದ್ದೆ. ಅದಕ್ಕೆ ಖುಷಿಯಾಗಿ "ಏನು ಬೇಕು ಕೇಳು" ಎಂದರು. ಇಂಥ ಹೊತ್ತಿನಲ್ಲಿ ಬುದ್ಧಿವಂತರು ಕೇಳುವುದೇ ಬೇರೆ. ನಾನು ಬಾಯಿ ತಪ್ಪಿ "ಹಾರಿಸುವುದು ಕಲಿಯಬೇಕು" ಎಂದುಬಿಟ್ಟೆ. ಅವರು ನಕ್ಕು ಕ್ಯಾಪ್ಟನ್ ಕಡೆ ತಿರುಗಿ, ಈ ಚಳಿಗಾಲ ಪೂರ್ತಿ ಇವನಿಗೆ ಕಲಿಸು, ಹೇಗೂ ಏಪ್ರಿಲ್‌ಗೆ ನಿನ್ನ ಕಾಂಟ್ರಾಕ್ಟ್ ಮುಗಿಯುತ್ತದೆ, ವಿಮಾನವನ್ನೂ ಮಾರುತ್ತೇವೆ, ರನ್‌ವೇ ಹುಲ್ಲನ್ನೂ ಸೀಳಿ ಮಾರುತ್ತೇವೆ ಎಂದರು. ಹೀಗೆ ನನ್ನ ಕಲಿಕೆ ಶುರುವಾಗುವ ಮೊದಲೇ ಅದರ ಕೊನೆಯ ದಿನ ನಿಶ್ಚಯವಾಗಿತ್ತು. ಅಷ್ಟರೊಳಗೆ ನಾನು ಒಂದು ಸಲವಾದರೂ ಒಬ್ಬನೇ ಹಾರಿ ಇಳಿಯಬೇಕು. ಒಬ್ಬನೇ ಒಂದು ಸುತ್ತು. ಅದಾಗದಿದ್ದರೆ ಕಲಿತದ್ದೆಲ್ಲ ಬರೀ ಸವಾರಿ, ಕಲಿಕೆಯಲ್ಲ ಎಂದು ಕ್ಯಾಪ್ಟನ್ ಮೊದಲ ದಿನವೇ ಹೇಳಿದರು.

ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದಳು.

"ಕಾರ್ ಲೈಸೆನ್ಸ್ ತಗೊಳ್ಳೋಕೆ ಮೂರು ಸಲ ಫೇಲಾದೋರು ನೀವು," ಎಂದಳು. "ಅದೂ ಪಾರ್ಕಿಂಗ್‌ನಲ್ಲಿ."

"ಅಲ್ಲಿ ಪಾರ್ಕಿಂಗ್ ಇರಲ್ಲ ಕಣೇ."

"ಮೇಲೆ ಇರಲ್ಲ. ಕೆಳಗೆ ಬರಲೇಬೇಕಲ್ಲ?"

ಅವಳು ಮೂಗು ಮುರಿದಳೇ ಹೊರತು ಬೇಡ ಎನ್ನಲಿಲ್ಲ. ನಾನು ಯಾಕೆ ಅಷ್ಟು ಆಸೆಪಟ್ಟೆ ಎಂದು ಅವಳು ಕೇಳಿದ್ದರೆ ಉತ್ತರ ಇತ್ತು. ಐವತ್ತೊಂದು ವರ್ಷ ನನಗೆ. ಕೆಲಸದಲ್ಲಿ, ಮನೆಯಲ್ಲಿ, ಎಲ್ಲ ಕಡೆ ಯಾರೋ ಒಬ್ಬರು ಪಕ್ಕದಲ್ಲಿ ನಿಂತು ಹೇಳಿದ್ದನ್ನು ಚೆನ್ನಾಗಿ ಮಾಡಿದವನು ನಾನು. ಪಕ್ಕದ ಸೀಟು ಖಾಲಿ ಇರುವಾಗ ಒಂದು ಕೆಲಸ ಮಾಡಿ ನೋಡಬೇಕೆನ್ನಿಸಿತ್ತು. ಅಷ್ಟೇ. ಆಕಾಶ, ಹಕ್ಕಿ, ಅಂಥದ್ದೇನೂ ನನ್ನ ತಲೆಯಲ್ಲಿ ಇರಲಿಲ್ಲ.

ಪಾಠ ವಾರಕ್ಕೆ ಎರಡು ದಿನ, ಬೆಳಿಗ್ಗೆ ಏಳರಿಂದ ಎಂಟು, ಬಿಸಿಲು ಏರುವ ಮೊದಲು. ನಮ್ಮ ಮಾತು ಅರ್ಧ ಇಂಗ್ಲಿಷ್, ಕಾಲು ಅರಬ್ಬಿ, ಉಳಿದದ್ದು ಕೈಸನ್ನೆ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರು ನನ್ನನ್ನು 'ಮುಹಂದಿಸ್' ಎನ್ನುತ್ತಿದ್ದರು, ಎಂಜಿನಿಯರ್ ಎಂದು. ಹುಲ್ಲಿಗೆ ಎಂಥ ಎಂಜಿನಿಯರ್ ಎಂದು ನಾನು ಹೇಳಿ ನೋಡಿದೆ, ಬಿಡಲಿಲ್ಲ.

ಏರುವುದು ಸುಲಭ. ಹುಲ್ಲಿನ ಮೇಲೆ ಓಡುವಾಗ ವಿಮಾನ ಎತ್ತಿನಗಾಡಿಯ ಹಾಗೆ ಕುಲುಕುತ್ತದೆ, ಅದನ್ನು ನಡೆಸುವ ಸ್ಟಿಕ್ ಕೈಯಲ್ಲಿ ನಡುಗುತ್ತದೆ, ಒಂದು ಹಂತದಲ್ಲಿ ಕುಲುಕಾಟ ನಿಂತರೆ ಏರಿದೆವು ಎಂದರ್ಥ. ಮೇಲೆ ಹೋದ ಮೇಲೆ ಎಡಕ್ಕೆ ತಿರುಗುವುದು, ಮತ್ತೆ ಎಡಕ್ಕೆ, ರನ್‌ವೇಗೆ ಸಮವಾಗಿ ಹಿಂದಕ್ಕೆ ಹೋಗುವುದು, ಮತ್ತೆರಡು ಸಲ ಎಡಕ್ಕೆ ತಿರುಗಿ ಇಳಿಯುವುದು. ಇದು ಒಂದು ಸುತ್ತು. ಕೆಳಗೆ ಬೂದು ಬಣ್ಣದ ನೆಲ, ದೂರದಲ್ಲಿ ಸಮುದ್ರದ ಒಂದು ಗೆರೆ, ನಡುವೆ ನಮ್ಮ ಹಸಿರು ಚೌಕಗಳು. ಹದಿನಾಲ್ಕು ವರ್ಷ ನೀರುಣಿಸಿದ್ದು ಇಷ್ಟೇನಾ ಎಂದು ಮೊದಲ ದಿನ ಅನ್ನಿಸಿತು.

ತೊಂದರೆಯಾದದ್ದು ಇಳಿಯುವುದರಲ್ಲಿ. ಇಳಿಯುವಾಗ ಕಣ್ಣು ರನ್‌ವೇಯ ಆ ತುದಿಯ ಮೇಲಿರಬೇಕು. ಆಗಲೇ ನೆಲ ಎಷ್ಟು ಹತ್ತಿರ ಬಂತೆಂದು ಗೊತ್ತಾಗುವುದು. ಮೂಗಿನ ಮುಂದಿನ ನೆಲವನ್ನು ನೋಡಿದರೆ ಅಂದಾಜು ತಪ್ಪುತ್ತದೆ. ಇದನ್ನು ಕ್ಯಾಪ್ಟನ್ ಶೆಡ್ಡಿನಲ್ಲಿ ಕೂರಿಸಿ ಹೇಳಿದ್ದರು, ಬರೆಸಿದ್ದರು, ನಾನು ತಲೆಯಾಡಿಸಿದ್ದೆ. ಆದರೆ ಹುಲ್ಲು ಕಣ್ಣಿಗೆ ಬಿದ್ದ ಕೂಡಲೇ ನನ್ನ ಕಣ್ಣು ನನ್ನ ಮಾತು ಕೇಳುತ್ತಿರಲಿಲ್ಲ. ಎಲ್ಲಿ ಒಣಗಿದೆ, ಎಲ್ಲಿ ಕತ್ತರಿಸುವ ಯಂತ್ರದ ಬ್ಲೇಡು ಮೊಂಡಾಗಿ ತುದಿ ಹರಿದಿದೆ, ಎಲ್ಲಿ ಉಪ್ಪು ಎದ್ದಿದೆ, ಎಲ್ಲ ಕಾಣುತ್ತಿತ್ತು. ಮೇಲಿನಿಂದ ನೋಡಿದರೆ ನೆಲದ ಮೇಲೆ ನಿಂತಾಗ ಕಾಣದ್ದೂ ಕಾಣುತ್ತದೆ. ಡಿಸೆಂಬರಿನ ಒಂದು ಬೆಳಿಗ್ಗೆ, ನೆಲಕ್ಕೆ ಇನ್ನು ಎರಡಾಳು ಎತ್ತರ ಇರುವಾಗ, ಎಡಗಡೆ ತಟ್ಟೆಯಗಲದ ಹಳದಿ ಕಲೆಗಳು ಸಾಲಾಗಿ ಕಂಡವು.

"ಫಂಗಸ್!" ಎಂದು ಕೂಗಿದೆ.

ಕ್ಯಾಪ್ಟನ್‌ಗೆ ಎಂಜಿನ್ನಿಗೆ ಏನೋ ಆಯಿತೆನ್ನಿಸಿರಬೇಕು. ಸ್ಟಿಕ್ ಕಿತ್ತುಕೊಂಡರು, ಎಂಜಿನ್ ಪೂರ್ತಿ ಕೊಟ್ಟರು, ಮತ್ತೆ ಮೇಲೇರಿದೆವು. ಮೇಲೆ ಹೋಗಿ ಸಮವಾದ ಮೇಲೆ "ಎಲ್ಲಿ?" ಎಂದರು. ನಾನು ಬೆರಳು ತೋರಿಸಿದೆ. ಅವರು ಆ ಕಡೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಮುಂದೆ ನೋಡಿದರು. ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು. ಅವರಿಗೆ ನಗು ಬಂದಿತ್ತು, ತಡೆದುಕೊಳ್ಳುತ್ತಿದ್ದರು.

ಇನ್ನೊಂದು ಚಟವೂ ಇತ್ತು. ಎಷ್ಟು ಹೇಳಿದರೂ ನಾನು ರನ್‌ವೇಯ ನಟ್ಟನಡುವೆ ಇಳಿಯುತ್ತಿರಲಿಲ್ಲ. ಎರಡು ಮೀಟರ್ ಬಲಕ್ಕೆ ಇಳಿಯುತ್ತಿದ್ದೆ. ಗಾಳಿಗೆ ಹೀಗಾಗುತ್ತಿದೆ ಎಂದು ಅವರು ನಾಲ್ಕಾರು ಪಾಠ ಅದನ್ನೇ ತಿದ್ದಿದರು. ಕೊನೆಗೆ ನಾನೇ ಒಪ್ಪಿಕೊಂಡೆ: ನಡುವಿನ ಹುಲ್ಲು ಚಕ್ರಕ್ಕೆ ಸಿಕ್ಕಿ ಸವೆದಿದೆ, ಅದಕ್ಕೆ ಸ್ವಲ್ಪ ವಿಶ್ರಾಂತಿ ಕೊಡೋಣ ಎಂದು.

"ಮುಹಂದಿಸ್," ಎಂದರು ಅವರು, "ರನ್‌ವೇ ಇರೋದು ನಿನಗೋಸ್ಕರ. ನೀನು ರನ್‌ವೇಗೋಸ್ಕರ ಅಲ್ಲ. ಖಲಾಸ್."

ಸಂಬಳದ ವಿಷಯಕ್ಕೆ ಬಂದರೆ ನಾನು ಇರುವುದೇ ರನ್‌ವೇಗೋಸ್ಕರ ಎಂದು ಹೇಳಬೇಕೆನ್ನಿಸಿತು, ಹೇಳಲಿಲ್ಲ. ಆಮೇಲೆ ಅವರು ಒಂದು ಉಪಾಯ ಮಾಡಿದರು. ರನ್‌ವೇಯ ಆಚೆ ತುದಿಯ ನೀರಿನ ಟ್ಯಾಂಕಿಗೆ ಒಂದು ಕೆಂಪು ಬಟ್ಟೆ ಕಟ್ಟಿಸಿ, ಇಳಿಯುವಾಗ ಅದನ್ನು ಬಿಟ್ಟು ಬೇರೇನು ನೋಡಿದರೂ ನಿನ್ನ ಕಣ್ಣಿಗೆ ಬಟ್ಟೆ ಕಟ್ಟುತ್ತೇನೆ ಎಂದರು. ಹದಿನೈದು ದಿನದಲ್ಲಿ ನನ್ನ ಇಳಿಯುವಿಕೆ ಸರಿಯಾಯಿತು. ಮಾರ್ಚ್ ಹೊತ್ತಿಗೆ ಅವರು ಪಕ್ಕದಲ್ಲಿ ಸುಮ್ಮನೆ ಕೂತು ಉಗುರು ನೋಡಿಕೊಳ್ಳುತ್ತಿದ್ದರು.

ಕೊನೆಯ ವಾರ ಬಂತು. ಗುರುವಾರ ಸಂಜೆ ಅವರು ಕೈರೋ ವಿಮಾನ ಹತ್ತಬೇಕಿತ್ತು. ಸೋಮವಾರ ಬೆಳಿಗ್ಗೆ ಮೂರು ಸುತ್ತು ಹಾಕಿದೆವು. ಮೂರನೆಯದರಲ್ಲಿ ಅವರು "ಈಗ ನಾನು ಸತ್ತಿದ್ದೀನಿ ಅಂದ್ಕೋ" ಎಂದು ಕೈಕಟ್ಟಿ ಕಣ್ಣು ಮುಚ್ಚಿದರು. ನಾನು ಇಳಿಸಿದೆ. ಚೆನ್ನಾಗಿಯೇ ಇಳಿಸಿದೆ. ಎಂಜಿನ್ ನಿಲ್ಲಿಸಿದ ಮೇಲೆ ಅವರು ಕಣ್ಣು ತೆರೆದು, "ನಾಳೆ ನಾನು ಹತ್ತಲ್ಲ, ನೀನೊಬ್ಬನೇ" ಎಂದರು. ಆಮೇಲೆ ಇಳಿಯುತ್ತ ಇನ್ನೊಂದು ಮಾತು ಸೇರಿಸಿದರು. "ಒಂದು ವಿಷಯ ಜ್ಞಾಪಕ ಇಟ್ಕೋ. ನನ್ನ ಭಾರ ಇಲ್ಲದಿದ್ದರೆ ಇದು ಬೇಗ ಏಳುತ್ತೆ. ಇಳಿಯೋಕೆ ಮಾತ್ರ ಮನಸ್ಸು ಮಾಡಲ್ಲ. ತೇಲ್ತಾನೇ ಇರುತ್ತೆ. ತಾಳ್ಮೆಯಿಂದ ಕಾಯಬೇಕು."

ಅವರು ಹೇಳಿದ್ದು ಬರೀ ಎಚ್ಚರಿಕೆ. ನನ್ನ ತಲೆಯಲ್ಲಿ ಅದು ಬೇರೆಯೇ ಆಗಿ ಕೂತಿತು. ಇಳಿಯಲು ಒಪ್ಪದ ವಿಮಾನ, ಒಳಗೆ ನಾನೊಬ್ಬನೇ, ಪಕ್ಕದಲ್ಲಿ ಕೇಳಲು ಯಾರೂ ಇಲ್ಲ. ಅಲ್ಲಿಯವರೆಗೆ ಯಾವ ಸೀಟು ಖಾಲಿಯಿರಲಿ ಎಂದು ಆಸೆಪಟ್ಟಿದ್ದೆನೋ ಅದೇ ಸೀಟನ್ನು ನೆನೆಸಿಕೊಂಡರೆ ಹೆದರಿಕೆಯಾಗುತ್ತಿತ್ತು. ಯಾರಿಗೂ ಹೇಳಲಿಲ್ಲ.

ಮಂಗಳವಾರ ಶಮಾಲ್ ಎದ್ದಿತು. ವಾಯುವ್ಯದಿಂದ ಬೀಸುವ ಆ ಗಾಳಿ ಎದ್ದರೆ ಎದುರಿನ ಕಂಬವೂ ಧೂಳಿನಲ್ಲಿ ಕಾಣುವುದಿಲ್ಲ. ಬುಧವಾರವೂ ನಿಲ್ಲಲಿಲ್ಲ. "ಛೆ, ಎಂಥ ಅದೃಷ್ಟ ನೋಡಿ" ಎಂದು ಫಾರ್ಮಿನಲ್ಲಿ ಎಲ್ಲರ ಹತ್ತಿರ ಹೇಳಿಕೊಂಡು ಓಡಾಡಿದೆ. ಎರಡು ದಿನವೂ ಹೊಟ್ಟೆ ತುಂಬ ಊಟ ಸೇರಿತು.

ಗುರುವಾರ ಬೆಳಿಗ್ಗೆ ಗಾಳಿ ಇಲ್ಲ. ಆಕಾಶ ತೊಳೆದಿಟ್ಟ ಹಾಗಿತ್ತು. ಹೆಂಡತಿ ಕೊಟ್ಟ ಉಪ್ಪಿಟ್ಟನ್ನು ಎರಡು ಚಮಚ ತಿಂದು ಬಿಟ್ಟೆ. ದಾರಿಯುದ್ದಕ್ಕೂ ಎಡಕ್ಕೆ ತಿರುಗುವುದು, ಮತ್ತೆ ಎಡಕ್ಕೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಹೋದೆ. ಗೇಟಿನ ಹತ್ತಿರ ನಮ್ಮ ನೀರಿನ ಫೋರ್‌ಮನ್ ಕಾಯುತ್ತಿದ್ದರು. ಉಡುಪಿ ಕಡೆಯವರು, ಪಂಪು, ಪೈಪು, ಸ್ಪ್ರಿಂಕ್ಲರ್ ಎಲ್ಲ ಅವರ ಸುಪರ್ದಿ. ಅವರ ಮುಖ ಸಪ್ಪಗಿತ್ತು.

"ಸರ್, ರನ್‌ವೇದು ಮೂರನೇ ವಾಲ್ವ್ ಉಂಟಲ್ಲ, ಅದು ಬಂದ್ ಆಗ್ಲೇ ಇಲ್ಲ ಮಾರಾಯ್ರೆ. ಧೂಳು ಸಿಕ್ಕಿಕೊಂಡದ್ದು. ಒಂದು ಗಂಟೆ ನೀರು ಹೋಗಿದೆ. ನಾನು ಬಂದು ನೋಡಿ ಬಂದ್ ಮಾಡಿದೆ. ಇವತ್ತೇ ಆಗ್ಬೇಕಿತ್ತಾ ಇದು?"

ಎದೆ ಹಗುರಾಯಿತು. ಅದನ್ನು ಈಗ ಬರೆಯುತ್ತಿದ್ದೇನೆ. ಆಗ ಹಗುರಾದದ್ದನ್ನು ಗಮನಿಸದ ಹಾಗೆ ಹುಬ್ಬು ಗಂಟಿಕ್ಕಿಕೊಂಡೆ. ಇಬ್ಬರೂ ನಡೆದು ಹೋದೆವು. ರನ್‌ವೇಯ ನಡುಭಾಗದಲ್ಲಿ, ಬಲ ಅಂಚಿಗೆ, ಸುಮಾರು ಇಪ್ಪತ್ತು ಮೀಟರ್ ಉದ್ದಕ್ಕೆ ಹುಲ್ಲು ಮಿನುಗುತ್ತಿತ್ತು. ಹಿಮ್ಮಡಿ ಊರಿ ಒತ್ತಿದೆ. ಬೂಟಿನ ಸುತ್ತ ನೀರು ಜಿನುಗಿತು.

"ಸಲಾಕೆ ತರ್ಲಾ ಸರ್?" ಎಂದರು ಫೋರ್‌ಮನ್. ಸಲಾಕೆ ಪಿಕಪ್ಪಿನಲ್ಲಿತ್ತು, ಐವತ್ತು ಹೆಜ್ಜೆ ದೂರ.

"ಬೇಡ," ಎಂದೆ. "ಕಾಣ್ತಾ ಇದೆಯಲ್ಲ."

ಅವರು ನನ್ನ ಮುಖ ನೋಡಿದರು. ಆರು ವರ್ಷದಲ್ಲಿ ನಾನು ಸಲಾಕೆ ಇಳಿಸದೆ ರಿಜಿಸ್ಟರ್ ತೆರೆದದ್ದು ಅವರು ನೋಡಿರಲಿಲ್ಲ. ಶೆಡ್ಡಿಗೆ ಹೋಗಿ ತಾರೀಖು ಬರೆದೆ, ಮುಚ್ಚಿದೆ ಎಂದು ಬರೆದೆ, ಸಹಿ ಹಾಕಿದೆ. ಬೆರಳು ಬರೆಯುವ ಜಾಗ ಖಾಲಿ ಬಿಟ್ಟೆ.

ಏಳಕ್ಕೆ ಕ್ಯಾಪ್ಟನ್ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಕಾರಿನ ಹಿಂಬದಿಯಿಂದ ಒಂದು ಪ್ಲಾಸ್ಟಿಕ್ ಬಕೆಟ್ ಇಳಿಸಿ, ಶೆಡ್ಡಿನ ನಲ್ಲಿಯಲ್ಲಿ ನೀರು ತುಂಬಿ ಬಾಗಿಲ ಪಕ್ಕ ಇಟ್ಟರು. ಮೊದಲ ಸಲ ಒಬ್ಬನೇ ಹಾರಿ ಇಳಿದವನ ತಲೆಯ ಮೇಲೆ ಬಕೆಟ್ ನೀರು ಸುರಿಯುವುದು ವಿಮಾನದವರ ಪದ್ಧತಿ. ನನಗೆ ಅವರು ಹೇಳಿರಲಿಲ್ಲ, ಬೇರೆ ಕಡೆ ಕೇಳಿ ಗೊತ್ತಿತ್ತು.

"ಯಲ್ಲಾ, ನಡಿ ಮುಹಂದಿಸ್," ಎನ್ನುತ್ತ ರಿಜಿಸ್ಟರಿನ ಕಡೆ ಹೋದರು. ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು.

"ಎಷ್ಟು ಇಳೀತು?"

"ನಾಲ್ಕು," ಎಂದೆ.

ಯೋಚಿಸಿ ಹೇಳಿದ್ದಲ್ಲ. ಅವರು ಕೇಳಿದ ಉಸಿರಿನಲ್ಲೇ ನಾಲಿಗೆ ತಾನೇ ಹೇಳಿಬಿಟ್ಟಿತು. ಹೇಳಿದ ಮೇಲೆ ರಿಜಿಸ್ಟರಿನ ಖಾಲಿ ಜಾಗ ನೆನಪಾಗಿ, ಬರೆಯಲು ಮರೆತೆ ಎಂದು ಪೆನ್ನು ತೆಗೆದು ನಾಲ್ಕು ಎಂದು ತುಂಬಿದೆ. ಫೋರ್‌ಮನ್ ಅಲ್ಲೇ ನಿಂತಿದ್ದರು. ಪಂಪ್ ನೋಡಿ ಬರ್ತೇನೆ ಎಂದು ಹೊರಟು ಹೋದರು.

ಕ್ಯಾಪ್ಟನ್ ಬಾಗಿಲಿಗೆ ಬಂದು ಆಕಾಶ ನೋಡಿದರು. ಅಂಥ ಬೆಳಿಗ್ಗೆ ಆ ವರ್ಷ ಹೆಚ್ಚು ಸಿಕ್ಕಿರಲಿಲ್ಲ. ಅವರು ಹೋಗಿ ನೆಲ ನೋಡುತ್ತಾರೆ, ಕಾಲು ಊರಿ ನೋಡುತ್ತಾರೆ, ಎಡಗಡೆ ಒಣಗಿದೆಯಲ್ಲ ಅಲ್ಲೇ ಇಳಿ ಎನ್ನುತ್ತಾರೆ, ಆಗ ನಾನು ಹತ್ತಲೇಬೇಕಾಗುತ್ತದೆ ಎಂದುಕೊಂಡು ನಿಂತೆ. ಹಾಗಾಗಲಿ ಎಂದೂ ಒಳಗೆ ಒಂದು ಆಸೆ ಇತ್ತು, ಸುಳ್ಳು ಹೇಳಲಾರೆ. ಅವರು ಹೋಗಲಿಲ್ಲ. ನನ್ನ ಸಹಿ ಆದ ಮೇಲೆ ನೆಲ ನೋಡುವುದು ಅವರ ನಿಯಮದಲ್ಲಿ ಇರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ನನ್ನ ಹಾರಾಟದ ಪುಸ್ತಕ ಕೇಳಿ ತೆಗೆದುಕೊಂಡು, ಕೊನೆಯ ಸಾಲಿನಲ್ಲಿ ಒಬ್ಬನೇ ಹಾರಲು ತಯಾರಾಗಿದ್ದಾನೆ ಎಂದು ಬರೆದು ಸಹಿ ಹಾಕಿದರು. ಆಮೇಲೆ ಮಾತಾಡಿದರು.

"ಹತ್ತಿಗೆ ಔಷಧಿ ಹೊಡೀತಿದ್ದಾಗ ನಾನೂ ನನ್ನ ಗೆಳೆಯನೂ ಒಂದೇ ಪಟ್ಟಿಯಲ್ಲಿ ಇಳೀತಿದ್ದೆವು. ಒಂದು ದಿನ ಕಾಲುವೆ ನೀರು ನುಗ್ಗಿತ್ತು. ಪಟ್ಟಿ ಕಾಯೋನು ನೆಲ ಸರಿ ಇದೆ, ಬನ್ನಿ ಅಂದ. ಯಜಮಾನನಿಗೆ ಕೆಲಸ ನಿಲ್ಲಬಾರದಿತ್ತು, ಅವನಿಗೆ ಹೆದರಿ ಕಾಯೋನು ಹಾಗಂದ. ಮೊದಲು ನನ್ನ ಗೆಳೆಯ ಇಳಿದ." ಅವರು ಅಂಗೈಯನ್ನು ಮಗುಚಿ ತೋರಿಸಿದರು. "ಆಮೇಲೆ ನಲವತ್ತು ವರ್ಷ, ಎಷ್ಟೋ ಕಡೆ ಇಳಿದೆ. ಎಲ್ಲ ಕಡೆ ಸರಿ ಇದೆ ಬನ್ನಿ ಅನ್ನೋರೇ. ತನಗೇ ನಷ್ಟ ಆಗೋ ದಿನ ಮುಚ್ಚಿದೆ ಅಂತ ಬರೆದೋನನ್ನ ಇವತ್ತು ನೋಡಿದೆ."

ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಕಣ್ಣಲ್ಲಿ ನೀರು ಬಂದಿತ್ತೋ ಬಿಸಿಲಿಗೆ ಹಾಗೆ ಕಂಡಿತೋ, ನಾನು ನೇರವಾಗಿ ನೋಡಲಿಲ್ಲ. ಬಕೆಟ್ಟಿನ ನೀರನ್ನು ಗೇಟಿನ ಪಕ್ಕದ ಬೋರೆ ಮರದ ಬುಡಕ್ಕೆ ಸುರಿದು, ಖಾಲಿ ಬಕೆಟ್ ಕಾರಿಗೆ ಹಾಕಿಕೊಂಡು ಹೊರಟರು.

ಕಾರು ರಸ್ತೆ ಸೇರುವ ತನಕ ಕಾದು, ಪಿಕಪ್ಪಿನಿಂದ ಸಲಾಕೆ ತೆಗೆದುಕೊಂಡು ಹೋದೆ. ಒದ್ದೆ ಜಾಗದಲ್ಲಿ ನಾಲ್ಕು ಕಡೆ ಇಳಿಸಿದೆ. ಎರಡೂವರೆ, ಎರಡೂವರೆ, ಎರಡು, ಒಂದು ಕಡೆ ಮೂರು. ಎಡಗಡೆ ಎಲ್ಲ ಕಡೆ ಎರಡಕ್ಕಿಂತ ಕಡಿಮೆ. ಬಿಸಿಲಿಗೆ ಅಷ್ಟರಲ್ಲಿ ಒಣಗಿರಬಹುದು ಎಂದು ಸಮಾಧಾನ ಹೇಳಿಕೊಳ್ಳಲು ನೋಡಿದೆ. ಇನ್ನೂ ಏಳೂವರೆಯೂ ಆಗಿರಲಿಲ್ಲ. ಮರಳಿನ ಮೇಲೆ ಬೆಳೆದ ಹುಲ್ಲಿನಲ್ಲಿ ನೀರು ಎಷ್ಟು ಹೊತ್ತು ನಿಲ್ಲುತ್ತದೆಂದು ದೋಹಾದಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಹೆಚ್ಚು ಜನ ಇರಲಾರರು. ರನ್‌ವೇ ತೆರೆದೇ ಇತ್ತು.

ನಾಚಿಕೆಯಾಯಿತು. ಹಾರದೆ ಉಳಿದದ್ದಕ್ಕಲ್ಲ. ಹೆದರುವುದು ದೊಡ್ಡ ತಪ್ಪೇನಲ್ಲ, ಎಷ್ಟೋ ಜನ ಹೆದರುತ್ತಾರೆ. ಆದರೆ ನನಗೆ ಬದುಕಿನಲ್ಲಿ ನಿಜವಾಗಿ ಬರುವ ವಿದ್ಯೆ ಒಂದೇ, ಹುಲ್ಲಿನದು. ಅದರ ಹಿಂದೆ ಹೋಗಿ ಅಡಗಿಕೊಂಡಿದ್ದೆ.

ಎರಡು ಗಂಟೆಗೆ ಮನೆಗೆ ಬಂದೆ. ಬಕೆಟ್ ನೀರಿನ ವಿಷಯ ನನ್ನಿಂದ ಕೇಳಿದ್ದ ಹೆಂಡತಿ ನನ್ನ ತಲೆ ನೋಡಿದಳು, ಬಟ್ಟೆ ನೋಡಿದಳು, ಆಗಲಿಲ್ಲ ಎಂದು ತಿಳಿದುಕೊಂಡಳು. ಊಟಕ್ಕೆ ಕೂತಾಗ ಎಲ್ಲ ಹೇಳಿದೆ, ನಾಲ್ಕು ಬೆರಳಿನದ್ದೂ ಸೇರಿಸಿ. ಅವಳು ಹುಳಿ ಬಡಿಸುವುದನ್ನು ನಿಲ್ಲಿಸಿ ಕೇಳಿದಳು.

"ಹೆದರಿಕೆ ಆಗ್ತಿದೆ ಅಂತ ಹೇಳಿದ್ರೆ ಅವರೇನು ನಿಮ್ಮನ್ನ ತಿಂದ್ಬಿಡ್ತಿದ್ರಾ?"

"ಇಲ್ಲ."

"ಇನ್ನೂ ಊರು ಬಿಟ್ಟಿಲ್ಲ ತಾನೆ? ಫೋನ್ ಮಾಡಿ. ಈಗಲೇ ಮಾಡಿ ರೀ. ಆಮೇಲೆ ಅಂದ್ರೆ ನೀವು ಮಾಡಲ್ಲ."

ಅವಳಿಗೆ ನಾನು ಗೊತ್ತು. ಎಡಗೈಯಲ್ಲಿ ಫೋನ್ ತೆಗೆದು ನಂಬರು ಒತ್ತಿದೆ. ಕ್ಯಾಪ್ಟನ್ ಎರಡನೇ ರಿಂಗಿಗೇ ಎತ್ತಿಕೊಂಡರು. ಹಿಂದೆ ವಿಮಾನ ನಿಲ್ದಾಣದ ಗದ್ದಲ ಕೇಳುತ್ತಿತ್ತು.

"ಕ್ಯಾಪ್ಟನ್, ನಿಮಗೊಂದು ವಿಷಯ ಹೇಳಬೇಕಿತ್ತು," ಎಂದೆ.

"ಮುಹಂದಿಸ್! ನೂರು ವರ್ಷ ಆಯಸ್ಸು ನಿನಗೆ," ಎಂದರು. ದನಿಯಲ್ಲಿ ಖುಷಿ ಇತ್ತು. "ಈಗಷ್ಟೇ ನನ್ನ ಮಗನ ಹತ್ತಿರ ಫೋನಿನಲ್ಲಿ ನಿನ್ನ ವಿಷಯ ಹೇಳ್ತಿದ್ದೆ. ಅವನೂ ಪೈಲಟ್, ಗೊತ್ತಲ್ಲ? ವಿಮಾನ ಹಾರಿಸೋಕೆ ಯಾರಿಗೆ ಬೇಕಾದರೂ ಕಲಿಸಬಹುದು, ಇವತ್ತು ಹಾರೋದು ಬೇಡ ಅನ್ನೋದನ್ನ ಆ ಇಂಡಿಯಾದ ಮುಹಂದಿಸ್‌ನಿಂದ ಕಲೀಬೇಕು ಅಂತ ಹೇಳಿದೆ. ಸರಿ, ಏನೋ ಹೇಳಬೇಕು ಅಂದೆಯಲ್ಲ, ಹೇಳು."

ಎದುರಿಗೆ ಹೆಂಡತಿ ಸೌಟು ಹಿಡಿದು ನನ್ನನ್ನೇ ನೋಡುತ್ತ ಕೂತಿದ್ದಳು.

"ಏನಿಲ್ಲ," ಎಂದೆ. "ಸುಖವಾಗಿ ಹೋಗಿ ಬನ್ನಿ ಅಂತ ಹೇಳೋಣ ಅಂತ."

ಅವರು ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ ಎಂದು ಹರಸಿ ಫೋನ್ ಇಟ್ಟರು. ಹೆಂಡತಿ ನನಗೆ ಹುಳಿ ಬಡಿಸಿ, ತನ್ನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.